ಮುದ್ದೇಬಿಹಾಳದವರೆಗೆ

ಮುಂಜಾನೆ ಐದಕ್ಕೆ ಇಂಡಿ ಪಟ್ಟಣದ ಬಸ್ ನಿಲ್ದಾಣದ ಎದುರು ಹನ್ನೊಂದು ಜನ ಸೈಕಲ್ ಹಿಡಿದು ನಿಂತಿದ್ದರು. ಮೂರು ದಿನದಿಂದ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಹನ್ನೆರಡನೆಯವಳಾಗಿ ಒಬ್ಬಳು ನೀಲಿ ಸೈಕಲ್ ತಳ್ಳಿಕೊಂಡು ಬಂದಾಗ ಜುಲ್ಫಿಕರನಿಗೆ ಮೊದಲು ಗುರುತು ಸಿಗಲಿಲ್ಲ. ಬೀದಿದೀಪದ ಕೆಳಗೆ ಬಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಾಗ ಮುಖ ಕಂಡಿತು.

ಅವನ ಹೆಂಡತಿ. ಮುಕ್ಕಾಲು ತಾಸಿನ ಹಿಂದೆ, ಅವನು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬರುವಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಕೌಸರ.

"ನೀ ಇಲ್ಲಿ?"

"ಹೆಸರು ಕೊಟ್ಟೇನ್ರಿ. ಗುರಪ್ಪ ಸರ್ ಕಡೆ. ಎಂಟು ದಿನ ಆತು."

"ಎರಡ್ ನೂರು ಕಿಲೋಮೀಟರ್ ಐತಿ ಕೌಸರ. ಈ ಮಳ್ಯಾಗ..."

"ಎರಡ್ ನೂರು ನನಗ್ಯಾಕ? ಮುದ್ದೇಬಿಹಾಳದ ತನಕ ಬರ್ತೇನಿ. ಅಲ್ಲೇ ಇಳೀತೇನಿ." ಅವಳು ಬ್ರೇಕ್ ಒತ್ತಿ ನೋಡಿದಳು. "ಅಮ್ಮಿಗೆ ಹೇಳೇನಿ. ಸಾಮಾನು ನಿನ್ನೆ ಬಸ್ಸಿಗೆ ಹೋತು."

ಮುದ್ದೇಬಿಹಾಳ ಅವಳ ತವರು. ಮಂಚದ ಕೆಳಗಿನ ಸೂಟಕೇಸು ಇಲ್ಲದ್ದನ್ನು ಅವನು ನಿನ್ನೆ ರಾತ್ರಿ ನೋಡಿದ್ದ. ಕೇಳಿರಲಿಲ್ಲ. ಈಚೆಗೆ ಆ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ನಿವೃತ್ತ ಪಿ.ಟಿ. ಮಾಸ್ತರ ಗುರಪ್ಪ ಕಾರ್ಡು ಹಂಚಿದರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮೂರೂ ಕಡೆ ಮೊಹರು ಹಾಕಿಸಿಕೊಂಡು ಸಂಜೆ ಏಳರೊಳಗೆ ಇಂಡಿಗೆ ವಾಪಸ್ ಬರಬೇಕು. "ಆಗದವ್ರು ನಾಚಿಕೋಬ್ಯಾಡ್ರಿ. ನನ್ನ ಬೊಲೆರೊ ಹಿಂದ ಐತಿ," ಎಂದು ಸೀಟಿ ಊದಿದರು.

ಕತ್ತಲಲ್ಲಿ ಹಿಂದಿನ ಕೆಂಪು ದೀಪಗಳು ಒಂದೊಂದಾಗಿ ಹೊರಟವು. ಜುಲ್ಫಿಕರ ಅವಳ ದೀಪದ ಹಿಂದೆ ಹೋದ.

ಅವಳ ಹಿಂದೆ ಹೋಗುವುದು ಅವನಿಗೆ ಹೊಸದಲ್ಲ. ಏಳು ವರ್ಷದ ಹಿಂದೆ, ಇಂಡಿಯಲ್ಲಿ ಆಗಷ್ಟೇ ಕನ್ನಡಕದ ಅಂಗಡಿ ಇಟ್ಟಿದ್ದ ಜುಲ್ಫಿಕರ, ಹೊಟ್ಟೆ ಕರಗಲಿ ಎಂದು ಹಳೆಯ ಸೈಕಲ್ ತೆಗೆದಿದ್ದ. ಒಂದು ಭಾನುವಾರ ಝಳಕಿ ರಸ್ತೆಯಲ್ಲಿ ಒಬ್ಬ ಹುಡುಗಿ ಅವನನ್ನು ಹಿಂದೆ ಹಾಕಿ, ಹೋಗುತ್ತ ಹೋಗುತ್ತಲೇ ಕತ್ತು ತಿರುಗಿಸಿ, "ಸೀಟು ಎತ್ತರಸ್ರೀ, ಮೊಳಕಾಲು ಗದ್ದಕ್ಕ ಬಡ್ಯಾಕತ್ತಾವು!" ಎಂದು ಕೂಗಿದ್ದಳು. ಕಣ್ಣಲ್ಲಿ ನಗು, ತುಟಿ ಮಾತ್ರ ಬಿಗಿ. ಮುಂದಿನ ನಾಲ್ಕು ಭಾನುವಾರ ಅವನು ಎತ್ತರಿಸಿದ ಸೀಟನ್ನು ತೋರಿಸಲು ಅದೇ ರಸ್ತೆಯಲ್ಲಿ ಸುತ್ತಿದ. ಐದನೆಯ ಭಾನುವಾರ ಅವಳೇ ನಿಂತು, "ನೋಡಿದೆ. ಇನ್ನ ಮನಿಗೆ ಹೋಗ್ರಿ," ಎಂದಳು. ಅವಳಿಗೆ ಇಂಡಿಯ ಅಂಚೆ ಕಚೇರಿಯಲ್ಲಿ ಕೆಲಸ ಎಂದು ತಿಳಿದ ಮೇಲೆ ಅವನು ಯಾರಿಗೂ ಬೇಡದ ರಿಜಿಸ್ಟರ್ಡ್ ಪತ್ರಗಳನ್ನು ಕಳಿಸತೊಡಗಿದ.

ಮದುವೆಯಾದ ಮೇಲೆ ನಾಲ್ಕು ಗೋಡೆಯೊಳಗೆ ಅವಳು ಅವನನ್ನು 'ನೀ' ಎನ್ನುತ್ತಿದ್ದಳು. ಆ ಒಂದು ಅಕ್ಷರದಲ್ಲಿ ಎಷ್ಟು ಸಲಿಗೆ, ಎಷ್ಟು ತುಂಟತನ! ಜನವರಿಯಿಂದೀಚೆಗೆ ಅದು 'ನೀವು' ಆಯಿತು. ಅವಳು ಎಂದೂ ಜಗಳವಾಡಲಿಲ್ಲ. ಬರೀ ಮಾತಿನ ತುದಿಗೆ ಒಂದು 'ರಿ' ಹಚ್ಚಿ ದೂರ ಕುಳಿತಳು.

ಸಿಂದಗಿ ಮುಟ್ಟುವುದರೊಳಗೆ ಐದು ಜನ ಬೊಲೆರೊ ಹತ್ತಿದ್ದರು. ತೊಗರಿ ಹೊಲಗಳಲ್ಲಿ ನೀರು ನಿಂತಿತ್ತು. ಲಾರಿಗಳು ಎರಚಿದ ಕೆಸರು ಹಲ್ಲಿನಲ್ಲಿ ಕರಕರ ಅನ್ನುತ್ತಿತ್ತು. ಮೊಹರು ಹಾಕಿಸಿಕೊಂಡು ಒಂದು ಚಹಾದಂಗಡಿಯ ತಗಡಿನ ಕೆಳಗೆ ನಿಂತರು. ಅವಳು ಎರಡೂ ಕೈಯಿಂದ ಕಪ್ಪು ಅವಚಿಕೊಂಡಿದ್ದಳು. ಉಗುರಿನ ಸಂದಿಯಲ್ಲಿ ಚೈನಿನ ಎಣ್ಣೆ ಕಂಡಿತು. ಹಿತ್ತಲ ಕೋಣೆಯ ಗೋಡೆಗೆ ಒಂದು ವರ್ಷ ತೂಗುಬಿದ್ದಿದ್ದ ಸೈಕಲ್ಲನ್ನು ಯಾವಾಗ ಇಳಿಸಿದಳು, ಯಾವಾಗ ಎಣ್ಣೆ ಹಾಕಿದಳು, ಅದೇ ಮನೆಯಲ್ಲಿದ್ದ ಅವನಿಗೆ ಗೊತ್ತಿಲ್ಲ.

"ಹೋಗೂದ ಇದ್ರ ಬಸ್ಸಿಗೆ ಹೋಗಬಹುದಿತ್ತಲ್ಲ?" ಎಂದ.

"ಬಸ್ಸಿಗೆ ಹೋದ್ರ ನೀವು ಬಸ್ ಸ್ಟ್ಯಾಂಡಿನ್ಯಾಗ ಕೈ ಮಾಡಿ ಅಂಗಡಿಗೆ ಹೋಗ್ತಿದ್ರಿ." ಅವಳು ಚಹಾದ ಹಬೆಯನ್ನೇ ನೋಡುತ್ತಿದ್ದಳು. "ನನಗ ನಿಮ್ಮ ಕೂಡ ಎಂಟು ತಾಸು ಬೇಕಾಗಿತ್ತು."

"ಯಾಕ?"

ಅವಳು ಕಪ್ಪು ಇಟ್ಟು ಸೈಕಲ್ ಹತ್ತಿದಳು.

ಆ ಎಂಟು ತಾಸಿನಲ್ಲಿ ಅವನು ಹೇಳಬಹುದಾದದ್ದು ಒಂದೇ ಇತ್ತು. ಅದನ್ನು ಅವನು ಎಂಟು ತಿಂಗಳಿಂದ ಹೇಳಿರಲಿಲ್ಲ.

ಜನವರಿಯ ಆ ಭಾನುವಾರ ಅವನು ಗೆಳೆಯರ ಜೊತೆ ಹಲಸಂಗಿ ಕಡೆ ರೈಡ್ ಹೋಗಿದ್ದ. ಬಸುರಿಯಾಗಿದ್ದ ಅವಳಿಗೆ ಎಂಟು ತಿಂಗಳು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಮನೆಯಲ್ಲಿ ಒಬ್ಬಳೇ ಇದ್ದಾಗ ನೋವು ಕಾಣಿಸಿಕೊಂಡಿತು. ಅವಳು ಮೂರು ಸಲ ಫೋನ್ ಮಾಡಿದಳು. ನೆರೆಮನೆಯ ಸುಂದರವ್ವ ಬಂದು ಆಟೋದಲ್ಲಿ ಕರೆದೊಯ್ದಳು. ಅವನು ಆಸ್ಪತ್ರೆ ಮುಟ್ಟಿದಾಗ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಹೆಣ್ಣುಕೂಸು ಕಾದಿತ್ತು. ಅದು ಒಮ್ಮೆಯೂ ಅತ್ತಿರಲಿಲ್ಲ.

"ಅಲ್ಲಿ ನೆಟ್‌ವರ್ಕ್ ಇರಲಿಲ್ಲ," ಎಂದಿದ್ದ ಅವನು. ಅವಳು ತಲೆಯಾಡಿಸಿದ್ದಳು.

ತಾಳಿಕೋಟೆಯ ಹತ್ತಿರ ಡೋಣಿ ಹೊಳೆ ತುಂಬಿ ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರು ಬಂದಿತ್ತು. ಜನ ಹಗ್ಗ ಕಟ್ಟಿ, ಒಬ್ಬೊಬ್ಬರನ್ನೇ ದಾಟಿಸುತ್ತಿದ್ದರು. ಇಬ್ಬರೂ ಸೈಕಲ್ ಹೆಗಲಿಗೇರಿಸಿ ಇಳಿದರು. ನಡುವೆ ಅವಳ ಕಾಲು ಜಾರಿತು. ಅವನು ಹಗ್ಗ ಬಿಟ್ಟು ಅವಳ ಮುಂಗೈ ಹಿಡಿದ. ಮಂಜಿನಂತೆ ತಣ್ಣಗಿದ್ದ ಕೈ. ಅದರೊಳಗೆ ನಾಡಿ ಮಾತ್ರ ಓಡುತ್ತಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಅವಳನ್ನು ಮುಟ್ಟಿದ್ದ. ಅವಳು ಅವನ ಮುಖ ನೋಡಿದಳು. ರೆಪ್ಪೆಯಿಂದ ನೀರು ಇಳಿಯುತ್ತಿತ್ತು. ಆ ನೋಟ ಏನನ್ನೋ ಕೇಳುತ್ತಿತ್ತು. ಈಗ ಹೇಳು, ಈಗಲೇ ಹೇಳು, ಎಂದು ಅವನು ತನಗೇ ಅಂದುಕೊಂಡ.

"ಸಾವಕಾಶ," ಎಂದಷ್ಟೇ ಅಂದ.

ದಂಡೆ ಸಿಕ್ಕ ಕೂಡಲೇ ಅವಳು ಕೈ ಬಿಡಿಸಿಕೊಂಡಳು.

ಮುದ್ದೇಬಿಹಾಳ ಮುಟ್ಟಿದಾಗ ಮಧ್ಯಾಹ್ನ ಒಂದು. ಮೊಹರು ಹಾಕಿಸಿ, ಎರಡು ಓಣಿ ದಾಟಿ, ಹಸಿರು ಬಾಗಿಲಿನ ಮನೆಯೆದುರು ನಿಂತರು. ಅವಳ ತಾಯಿ ಖಾತುನಬಿ ಟವೆಲ್ ಹಿಡಿದೇ ಹೊರಗೆ ಬಂದಳು.

"ಯಾ ಅಲ್ಲಾ, ಏನ್ ಗತಿ ಮಾಡ್ಕೊಂಡೀರಿ! ಒಳಗ ಬರ್ರಿ, ನೀರು ಕಾಸೇನಿ."

ಕೌಸರ ಸೈಕಲ್ಲನ್ನು ಗೋಡೆಗೆ ಆನಿಸಿ ಹೊಸಿಲ ಮೇಲೆ ಕಾಲಿಟ್ಟಳು. ಇನ್ನೊಂದು ಹೆಜ್ಜೆ ಇಟ್ಟರೆ ಒಳಗೆ. ಜುಲ್ಫಿಕರನ ಬಾಯಿಂದ ಮಾತು ತಾನಾಗಿ ಬಿತ್ತು.

"ಅವತ್ತ ನೆಟ್‌ವರ್ಕ್ ಇತ್ತು, ಕೌಸರ."

ಹೆಲ್ಮೆಟ್ ಬಿಚ್ಚುತ್ತಿದ್ದ ಅವಳ ಕೈ ನಿಂತಿತು.

"ಫೋನ್ ಬಂದಿತ್ತು. ನಿನ್ನ ಹೆಸರು ನೋಡಿದೆ. ಎತ್ತಲಿಲ್ಲ. ಎದುರುಗಾಳಿ ಇತ್ತು, ಎಲ್ಲಾರೂ ಒಂದ ಸಾಲಿನ್ಯಾಗ ಹೊಂಟಿದ್ವಿ. ನಿಂತ್ರ ಹಿಂದ ಬೀಳ್ತೇನಿ ಅನಸ್ತು. ಹಾಲು ತರಾಕ ಹೇಳ್ತಿ ಅನ್ಕೊಂಡೆ. ಮೂರನೇ ಸಲ ಬಂದಾಗ..." ಅವನ ಹಲ್ಲು ಕಟಕಟ ಬಡಿಯುತ್ತಿದ್ದವು. "ಮೂರನೇ ಸಲ ಸೈಲೆಂಟ್ ಮಾಡಿ ಕಿಸೆದಾಗ ಇಟ್ಟೆ."

ಖಾತುನಬಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಳು.

"ನನಗ ಗೊತ್ತಿತ್ತು," ಎಂದಳು ಕೌಸರ.

ಅವನಿಗೆ ಅರ್ಥವಾಗಲಿಲ್ಲ.

"ನೆಟ್‌ವರ್ಕ್ ಇರದಿದ್ರ ಹಂಗಂತ ಫೋನಿನ್ಯಾಗ ಒಬ್ಬಾಕಿ ಹೇಳ್ತಾಳ. ಅವತ್ತ ಆಕಿ ಹೇಳಲಿಲ್ಲ. ಪೂರಾ ರಿಂಗ್ ಆತು, ಮೂರೂ ಸಲ. ಕಡೀ ಸಲ ಆಟೋದಾಗ ಸುಂದರವ್ವನ ತೊಡಿ ಮ್ಯಾಲ ತಲಿ ಇಟ್ಟು ಆ ರಿಂಗ್ ಕೇಳಾಕತ್ತಿದ್ದೆ." ಅವಳ ದನಿ ಏರಲಿಲ್ಲ. "ಎತ್ತಲಿಲ್ಲ ಅಂತ ನಾ ಬಿಟ್ಟು ಬರಲಿಲ್ಲ. ನೀ ಹೇಳ್ತಿ ಅಂತ ಕಾದೆ. ದಿನಾ ಕಾದೆ. ಇವತ್ತ ನೂರಾ ಇಪ್ಪತ್ತು ಕಿಲೋಮೀಟರ್ ಮಳ್ಯಾಗ ಕಾದೆ. ಬಾಗಲಿಗೆ ಬಂದ ಮ್ಯಾಲ ಹೇಳಿದಿ."

'ನೀ' ಅಂದಿದ್ದಳು. ಅದನ್ನು ಕೇಳಿ ಸಂತೋಷಪಡುವ ಹಕ್ಕು ಅವನಿಗೆ ಇರಲಿಲ್ಲ.

"ಒಳಗ ಬಾ ಬೇಟಾ," ಎಂದಳು ಖಾತುನಬಿ.

"ಬ್ಯಾಡ್ರಿ, ಅಮ್ಮಿ," ಎಂದ ಜುಲ್ಫಿಕರ.

"ಹೋಗ್ರಿ. ರೈಡ್ ಮುಗಸ್ರಿ," ಎಂದು ಕೌಸರ ಒಳಗೆ ಹೋದಳು. 'ರಿ' ಮತ್ತೆ ಬಂದಿತ್ತು.

ಬಸವನ ಬಾಗೇವಾಡಿಯ ದಾರಿಯಲ್ಲಿ ಮಳೆ ಅಡ್ಡಡ್ಡ ಹೊಡೆಯಿತು. ಯಾಕೆ ತುಳಿಯುತ್ತಿದ್ದೇನೆ ಎಂದು ಅವನಿಗೇ ತಿಳಿಯದು. ನಿಂತರೆ ಎಲ್ಲಿ ನಿಲ್ಲಬೇಕು ಎಂಬುದೂ ತಿಳಿಯದು. ಹದಿನೈದು ಕಿಲೋಮೀಟರಿನ ಹತ್ತಿರ ರಸ್ತೆ ಅಗೆದು, ಪಕ್ಕದ ಎರೆಹೊಲದಲ್ಲಿ ದಾರಿ ಮಾಡಿದ್ದರು. ಕರಿಮಣ್ಣು ಗಾಲಿಗೆ, ಬ್ರೇಕಿಗೆ, ಚೈನಿಗೆ ಹಿಟ್ಟಿನಂತೆ ಮೆತ್ತಿತು. ಗಾಲಿ ತಿರುಗುವುದನ್ನೇ ಬಿಟ್ಟಿತು. ಸೈಕಲ್ ಹೊತ್ತು ಹೊರಬಂದು ಒಂದು ಸಣ್ಣ ಮೋರಿಯ ಕಟ್ಟೆಯ ಮೇಲೆ ಕುಳಿತು ಮಣ್ಣು ಕೆರೆಯಲು ನೋಡಿದ. ಬೆರಳು ಮಡಚಲಿಲ್ಲ. ಆಸ್ಪತ್ರೆಯಲ್ಲಿ ಅಳದವನು, ಕೂಸಿಗೆ ಮಣ್ಣು ಕೊಟ್ಟು ಬಂದ ದಿನ ಅಳದವನು, ಅಲ್ಲಿ ಬಾಯಿ ತೆರೆದು ಅತ್ತ. ದಾರಿಯಲ್ಲಿ ಒಂದು ಟ್ರ್ಯಾಕ್ಟರು ನಿಧಾನಿಸಿ, ನೋಡಿ, ಹೋಯಿತು.

ಎಷ್ಟು ಹೊತ್ತಾಯಿತೋ. ಯಾರೋ ಎದುರು ಕುಕ್ಕರಿಸಿ ಕುಳಿತು, ಕೂದಲಿನ ಪಿನ್ನು ತೆಗೆದು, ಅವನ ಬ್ರೇಕಿನ ಸಂದಿಯಿಂದ ಮಣ್ಣು ಕೀಳತೊಡಗಿದರು. ಕೌಸರ. ಅದೇ ಒದ್ದೆ ಬಟ್ಟೆ, ಕಟ್ಟೆಗೆ ಆನಿಸಿದ ಅದೇ ನೀಲಿ ಸೈಕಲ್. ತುಟಿ ನೀಲಿಗಟ್ಟಿತ್ತು.

"ಅಮ್ಮಿ ರೊಟ್ಟಿ ಹಾಕಿದ್ಳು. ತುತ್ತು ಇಳೀಲಿಲ್ಲ," ಎಂದಳು, ಅವನ ಕಡೆ ನೋಡದೆ. "ನೀ ಹೇಳಲಿಲ್ಲ ಅಂದೆ. ನಾನೂ ಒಂದು ಮುಚ್ಚಿಟ್ಟೇನಿ."

ಅವಳು ಪಿನ್ನಿಗೆ ಮೆತ್ತಿದ ಮಣ್ಣನ್ನು ಕಟ್ಟೆಗೆ ಒರೆಸಿದಳು.

"ಡಾಕ್ಟರಮ್ಮ ಹೇಳಿದ್ರು. ಕೂಸಿನ ಜೀವ ಹಿಂದಿನ ರಾತ್ರಿನ ಹೋಗಿತ್ತಂತ. ಹೊಕ್ಕಳಬಳ್ಳಿ ಸುತ್ತಿತ್ತು. ನೋವು ಸುರುವಾಗೂದರೊಳಗ ಎಲ್ಲಾ ಮುಗದಿತ್ತು. ನೀ ಫೋನ್ ಎತ್ತಿದ್ರೂ ಅಷ್ಟ, ಎತ್ತದಿದ್ರೂ ಅಷ್ಟ."

ಮಳೆ ಅವರಿಬ್ಬರ ನಡುವೆ ಸುರಿಯುತ್ತಿತ್ತು. ಎಂಟು ತಿಂಗಳು ಅವನು ಪ್ರತಿ ರಾತ್ರಿ ಅದೇ ಲೆಕ್ಕ ಹಾಕಿದ್ದ: ಮೊದಲ ರಿಂಗಿಗೆ ಎತ್ತಿದ್ದರೆ ಇಪ್ಪತ್ತು ನಿಮಿಷ ಮೊದಲೇ ಆಸ್ಪತ್ರೆ, ಎರಡನೆಯದಕ್ಕೆ ಎತ್ತಿದ್ದರೆ...

"ಯಾಕ ಹೇಳಲಿಲ್ಲ?" ಎಂದು ಕೇಳಿದ ಅವನು.

"ನಿನಗೂ ನೋಯಲಿ ಅಂತ."

ಅವನು ಸಿಟ್ಟಿನಿಂದ ಎದ್ದು ರಸ್ತೆಯಲ್ಲಿ ಹತ್ತು ಹೆಜ್ಜೆ ನಡೆದ. ಹಾಗೇ ನಡೆದು ಹೋಗಬಹುದಿತ್ತು. ತಿರುಗಿ ನೋಡಿದಾಗ ಅವಳು ಅವನ ಗಾಲಿಯ ಮೇಲೆ ಬಾಗಿ, ಚಳಿಗೆ ಇಡೀ ಮೈ ನಡುಗುತ್ತಿದ್ದರೂ, ಪಿನ್ನಿನಿಂದ ಮಣ್ಣು ಕೀಳುತ್ತಲೇ ಇದ್ದಳು. ಹಲ್ಲು ಕಚ್ಚಿ, ಆ ಗಾಲಿ ತಿರುಗಲೇಬೇಕು ಎಂಬಂತೆ.

ಅವನು ಬಂದು ಎದುರು ಕುಳಿತ. ತನ್ನ ಜಾಕೆಟ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಅದೂ ಒದ್ದೆಯೇ ಆಗಿತ್ತು.

"ನೋಯ್ತು," ಎಂದ. "ಭಾಳ ನೋಯ್ತು."

"ಗೊತ್ತೈತಿ. ದಿನಾ ನೋಡಾಕತ್ತಿದ್ದೆ." ಅವಳು ಮುಖ ಎತ್ತಿ ಅವನನ್ನು ನೋಡಿದಳು. "ನೋಡಿ ಸಮಾಧಾನ ಆಗ್ಲಿಲ್ಲ, ಜುಲ್ಫಿ."

ಒಂದೇ ಗಾಲಿಯ ಎರಡು ಮಗ್ಗುಲಲ್ಲಿ ಇಬ್ಬರೂ ಮಣ್ಣು ಕಿತ್ತರು. ಬೆರಳಿಗೆ ಬೆರಳು ತಾಕಿದಾಗ ಯಾರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಬಸವನ ಬಾಗೇವಾಡಿ ಮುಟ್ಟಿದಾಗ ನಾಲ್ಕೂವರೆ ದಾಟಿತ್ತು. ಗುರಪ್ಪ ಬೊಲೆರೊದ ಹಿಂಬಾಗಿಲು ತೆರೆದುಕೊಂಡು ನಿಂತಿದ್ದರು. ಇಬ್ಬರು ಮುಂದೆ ಹೋಗಿದ್ದಾರೆ, ಉಳಿದವರೆಲ್ಲ ಬಿಟ್ಟು ಬಸ್ಸಿಗೆ ಹೋದರು, ಎಂದರು. ಕೌಸರಳ ಕಾರ್ಡಿನ ಶಾಯಿ ನೀರಿಗೆ ಕಲಸಿಹೋಗಿತ್ತು.

"ಏಳಕ್ಕ ಇಂಡಿ ಆಗಂಗಿಲ್ಲ ತಮ್ಮಾ. ಸೈಕಲ್ ಏರಸ್ರಿ." ಬಳಿಕ ಸ್ವಲ್ಪ ತಡೆದು ಅವಳನ್ನು ಕೇಳಿದರು. "ನಿನ್ನ ಎಲ್ಲಿ ಬಿಡ್ಲೆವ್ವಾ? ಮುದ್ದೇಬಿಹಾಳಕ್ಕ ಹೊಳ್ಳಬೇಕೇನು?"

ಅವಳು ಜುಲ್ಫಿಕರನ ಕಡೆ ತಿರುಗಿದಳು.

"ಕೂಸಿನ್ನ ಎಲ್ಲಿ ಇಟ್ಟೀರಿ ಅಂತ ನಾ ನೋಡೇ ಇಲ್ಲ," ಎಂದಳು ಮೆಲ್ಲಗೆ. "ನಾ ದವಾಖಾನಿಯಾಗಿದ್ದೆ. ನೀ ಒಬ್ಬನ ಹೋಗಿ ಬಂದಿ. ಹೇಳಲೂ ಇಲ್ಲ, ನಾ ಕೇಳಲೂ ಇಲ್ಲ."

"ಹೆಂಗಸರು ಒಳಗ ಹೋಗಂಗಿಲ್ಲ..."

"ಗ್ವಾಡಿ ಹೊರಗ ನಿಂತು ನೋಡ್ತೇನಿ." ಗುರಪ್ಪನವರಿಗೆ ಹೇಳಿದಳು: "ಇಂಡಿಗೆ ನಡೀರಿ, ಸರ್. ಖಬರಸ್ತಾನದ ಹತ್ರ ಇಳಸ್ರಿ."

ಗುರಪ್ಪ ಸೈಕಲ್ ಏರಿಸಿ ಗಾಡಿ ಹತ್ತಿದರು. ದಾರಿಯುದ್ದಕ್ಕೂ ಒಂದೇ ಗೋಣಿತಟ್ಟನ್ನು ಇಬ್ಬರೂ ಹೊದ್ದು ಕುಳಿತರು. ಒಂದು ತಿರುವಿನಲ್ಲಿ ಅವಳ ತಲೆ ಅವನ ಹೆಗಲಿಗೆ ಬಂದು, ರಸ್ತೆ ನೆಟ್ಟಗಾದ ಮೇಲೂ ಅಲ್ಲೇ ಉಳಿಯಿತು.

ಇಂಡಿ ಮುಟ್ಟಿದಾಗ ಸಂಜೆಯ ಮಗ್ರಿಬಿನ ಅಜಾನ್ ಮುಗಿದಿತ್ತು. ಮಳೆ ತುಂತುರಾಗಿತ್ತು. ಗುರುತು ಹಿಡಿಯುವಷ್ಟು ಬೆಳಕು ಇನ್ನೂ ಉಳಿದಿತ್ತು. ಎದೆಮಟ್ಟದ ಗೋಡೆಯ ಹೊರಗೆ ಇಬ್ಬರೂ ನಿಂತರು. ಅವನು ಬೆರಳು ಚಾಚಿದ.

"ಆ ಬೇವಿನ ಗಿಡದ ಎಡಕ್ಕ. ಎರಡು ಸಣ್ಣ ಕಲ್ಲು."

ಅವಳು ಬಹಳ ಹೊತ್ತು ನೋಡಿದಳು. ಗೋಡೆಯ ಮೇಲೆ ಕೆಸರಿನ ಕೈ ಊರಿ, ತುದಿಗಾಲಲ್ಲಿ ನಿಂತು ನೋಡಿದಳು.

"ಅಷ್ಟ ಜಾಗಾ ಸಾಕಾತಾ?"

"ಹ್ಞೂಂ."

"ಎಷ್ಟಿದ್ಳು? ನನಗ ಮುಖಾ ಅಷ್ಟ ತೋರಸಿ ಒಯ್ದ್ರು. ನೀ ಹಿಡಕೊಂಡಿದ್ದಿ."

ಜುಲ್ಫಿಕರ ಎರಡೂ ಅಂಗೈಗಳನ್ನು ಎತ್ತಿ, ನಡುವೆ ಒಂದಿಷ್ಟು ಜಾಗ ಬಿಟ್ಟು, ತೋರಿಸಿದ. ಇಷ್ಟು. ಎತ್ತಿದ ಕೈಯನ್ನು ಇಳಿಸಲು ಆಗಲಿಲ್ಲ.

ಕೌಸರ ಆ ಕೈಗಳ ನಡುವಿನ ಜಾಗವನ್ನು ನೋಡಿದಳು. ಆಮೇಲೆ ಬಂದು ಅದರೊಳಗೆ ತನ್ನ ಮುಖವಿಟ್ಟಳು.