ಉಪ್ಪಿಲ್ಲದ ಗಸಿ

ಅರಂತೋಡಿನ ಶಾಲೆಮಾಸ್ಟ್ರು ದೇರಣ್ಣನನ್ನು ಮದುವೆಯಾಗಿ ಲೋಲಾಕ್ಷಿಗೆ ಆ ಮಳೆಗಾಲಕ್ಕೆ ಎರಡು ವರ್ಷ. ಎರಡು ವರ್ಷದಲ್ಲಿ ಅವಳ ಅಡುಗೆಯ ಬಗ್ಗೆ ಅವನು ಆಡಿದ್ದು ಒಂದೇ ಮಾತು.

“ಹೇಗುಂಟು?” ಎಂದು ಅವಳು ಕೇಳುವಳು.

“ಉಂಟು,” ಎನ್ನುವನು.

ಪತ್ರೊಡೆಗೂ ಉಂಟು, ಬರೀ ಗಂಜಿಗೂ ಉಂಟು. ಉಣ್ಣುವಾಗ ಅವನ ಕಣ್ಣು ಎದುರುಗೋಡೆಯ ಫೋಟೋದ ಮೇಲೆ. ೧೯೫೫ರಲ್ಲಿ ಪುತ್ತೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಕುರ್ಚಿಯಲ್ಲಿ ಪೂವಕ್ಕ, ಹಿಂದೆ ಕೈಕಟ್ಟಿ ನಿಂತ ದೇರಣ್ಣ. ಪೂವಕ್ಕ ಅವನ ಮೊದಲ ಹೆಂಡತಿ. ಫೋಟೋ ತೆಗೆಸಿದ ಮರುತಿಂಗಳೇ ಟೈಫಾಯಿಡ್ ಬಂದು ತೀರಿಕೊಂಡಿದ್ದಳು.

ಅತ್ತೆಯಾದರೂ ಬಾಯಿಬಿಟ್ಟು ಹೇಳುತ್ತಿದ್ದರು. “ಪೂವು ಇದಕ್ಕೆ ಒಂದು ಚೂರು ಬೆಲ್ಲ ಹಾಕ್ತಿದ್ದಳು.” ಮರುದಿನ ಲೋಲಾಕ್ಷಿ ಬೆಲ್ಲ ಹಾಕುವಳು. ಆಗಲೂ ಉಂಟು! ಸತ್ತವಳ ಹತ್ತಿರ ಜಗಳ ಮಾಡುವುದಾದರೂ ಹೇಗೆ? ಅವಳಿಗೆ ವಯಸ್ಸಾಗುವುದಿಲ್ಲ, ಅವಳ ಅನ್ನ ಸೀದುಹೋಗುವುದಿಲ್ಲ.

ಗಂಡನಿಗೆ ಪ್ರೀತಿಯಿಲ್ಲ ಎನ್ನುವಂತೆಯೂ ಇರಲಿಲ್ಲ. ಸುಳ್ಯಕ್ಕೆ ಹೋದರೆ ಕೇಳದೆಯೇ ಬಳೆ ತರುತ್ತಿದ್ದ. ಕೊಡಪಾನ ಕೊಡುವಾಗ ಬೆರಳಿಗೆ ಬೆರಳು ತಾಗಿದರೆ ಮಾಸ್ಟ್ರ ಕಿವಿ ಕೆಂಪಾಗುತ್ತಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು.

ಒಂದು ಭಾನುವಾರ ಅತ್ತೆ ಕೊಲ್ಲಮೊಗ್ರಿನ ಮಗಳ ಮನೆಗೆ ಹೋದರು. ಮೂರು ದಿನ ನೀರು ಬದಲಿಸಿ ನೆನೆಹಾಕಿದ್ದ ಎಳೆಬಿದಿರಿನ ಕಣಿಲೆಗೆ ಕಾಯಿ ಅರೆದು ಹಾಕಿದ ಗಸಿ ಅಂದು ಒಲೆಯ ಮೇಲಿತ್ತು. ಲೋಲಾಕ್ಷಿ ಉಪ್ಪಿನ ಮರಿಗೆ ಕೈಗೆತ್ತಿಕೊಂಡು ಹೊರಗೆ ಇಣುಕಿದಳು. ಊಟಕ್ಕೆ ಕೂತವನು ಆಗಲೇ ಫೋಟೋ ನೋಡುತ್ತಿದ್ದ. ಅವಳು ಮರಿಗೆಯನ್ನು ಹಾಗೆಯೇ ಕೆಳಗಿಟ್ಟಳು.

ಬಡಿಸಿದಳು. ಅವನು ಕಲಸಿ ಉಂಡ.

“ಹೇಗುಂಟು?”

“ಉಂಟು. ಇನ್ನೊಂದು ಸೌಟು ಹಾಕು.”

“ಉಪ್ಪೇ ಹಾಕಲಿಲ್ಲ ನಾನು!” ಸೌಟು ನೆಲಕ್ಕೆ ಬಿತ್ತು. “ಪೂವಕ್ಕ ಹೀಗೆ ಬಡಿಸಿದ್ದರೆ ಗೊತ್ತಾಗ್ತಿತ್ತಲ್ಲ ನಿಮಗೆ?”

“ಗೊತ್ತಾಗ್ತಿತ್ತು,” ಎಂದ ದೇರಣ್ಣ. ಅವಳ ಮುಖ ಕಂದಿದ್ದನ್ನು ನೋಡಿ ತಟ್ಟೆ ಸರಿಸಿದ. “ಆಗ ನನಗೆ ರುಚಿ ಗೊತ್ತಾಗ್ತಿತ್ತು, ಲೋಲಾ. ಆ ಜ್ವರ ಅವಳಿಗೆ ಮಾತ್ರ ಬಂದದ್ದಲ್ಲ. ನಾನೂ ಮಲಗಿದ್ದೆ. ಎದ್ದ ಮೇಲೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮಗನಾದರೂ ಉಳಿದ ಅಂತ ಅಮ್ಮ ಸಮಾಧಾನದಲ್ಲಿದ್ದರು. ಅದನ್ನು ಕೆಡಿಸುದು ಬೇಡ ಅಂತ ಸುಮ್ಮನಾದೆ.”

“ನನಗೆ ಹೇಳಬಹುದಿತ್ತಲ್ಲ?”

“ಮೊದಲ ದಿನ ನೀನು ಪಾಯಸ ತಂದು ನನ್ನ ಮುಖವನ್ನೇ ನೋಡಿದೆ. ಗೊತ್ತಾಗುದಿಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಲಾಯ್ಕುಂಟು ಅಂತ ಸುಳ್ಳು ಹೇಳಲಿಕ್ಕೂ ಆಗಲಿಲ್ಲ.”

“ಮತ್ತೆ ಆ ಫೋಟೋ?”

“ಅದನ್ನು ತೆಗೆಸಿದ ದಿನ ಬಸ್ಸಿಗೆ ಕಾಯುವಾಗ ಅವಳು ಕಟ್ಟಿ ತಂದ ಅವಲಕ್ಕಿ ತಿಂದಿದ್ದೆವು. ರುಚಿಯಿತ್ತು ಅಂತ ನೆನಪುಂಟು, ಆ ರುಚಿ ಹೇಗಿತ್ತು ಅಂತ ನೆನಪಿಲ್ಲ. ನೋಡ್ತಾ ಉಂಡರೆ ಬಂದೀತೋ ಅಂತ... ಅವಳೂ ನೆನಪಾಗ್ತಾಳೆ. ಇಲ್ಲ ಅನ್ನುದಿಲ್ಲ.”

“ಎರಡು ವರ್ಷ, ಮಾರಾಯ್ರೆ! ನಾನು ಕಲ್ಲಿಗೆ ಬಡಿಸಿದ್ದಾ?” ಲೋಲಾಕ್ಷಿಗೆ ಅಳುವೂ ಬಂತು, ಅವನನ್ನು ಹಿಡಿದು ಅಲ್ಲಾಡಿಸಬೇಕೆಂದೂ ಅನಿಸಿತು.

“ಕಲ್ಲಿಗಲ್ಲ. ನಿನ್ನ ನೀರುದೋಸೆ ಎತ್ತಿ ಹಿಡಿದರೆ ಆಚೆ ನನ್ನ ಬೆರಳು ಕಾಣ್ತದೆ. ಶಾಲೆ ಬಿಟ್ಟು ಬರುವಾಗ ನೀನು ಅರೆಯುವ ಸದ್ದು ಕೇಳಿದರೆ ಕಾಲು ಬೇಗ ಬೇಗ ಬೀಳ್ತದೆ. ಅದನ್ನೆಲ್ಲ ನೀನು ಯಾವತ್ತೂ ಕೇಳಲಿಲ್ಲ.”

“ಕೇಳದಿದ್ದರೆ ಹೇಳಬಾರದು ಅಂತ ಉಂಟಾ?”

ದೇರಣ್ಣ ನೆಲಕ್ಕೆ ಬಿದ್ದಿದ್ದ ಸೌಟನ್ನು ಎತ್ತಿ ಅವಳ ಕೈಗಿಟ್ಟ.

ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಅವಳು ಒಳಗೆ ಹೋಗಿ ಗಸಿಗೆ ಉಪ್ಪು ಹಾಕಿ ಕುದಿಸಿದಳು. ಇನ್ನೊಂದು ತಟ್ಟೆ ತಂದಳು. ಗಂಡನ ಊಟ ಮುಗಿಯುವ ಮೊದಲು ಆ ಮನೆಯಲ್ಲಿ ಅವಳು ಎಂದೂ ಉಂಡವಳಲ್ಲ. ಇಂದು ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತು ಒಂದು ತುತ್ತು ಬಾಯಿಗಿಟ್ಟಳು.

“ಕೇಳಿ. ಮೊದಲು ಖಾರ ಬರ್ತದೆ. ಆಮೇಲೆ ಕಣಿಲೆ. ಒಂಚೂರು ಕಹಿ, ಹಸಿ ಮರ ಸೀಳಿದಾಗ ಬರುವ ವಾಸನೆಯ ಹಾಗೆ. ತೆಂಗಿನಕಾಯಿ ಕೊನೆಗೆ, ಮೆಲ್ಲ.”

ದೇರಣ್ಣ ಅವಳ ತುಟಿಯನ್ನೇ ನೋಡುತ್ತ ತಾನೂ ಒಂದು ತುತ್ತು ತಿಂದ. “ಹುಳಿ?”

“ಜಾಸ್ತಿಯಾಗಿದೆ. ಸಿಟ್ಟಲ್ಲಿ ಹಾಕಿದ್ದು.”

ಅವನು ನಕ್ಕ. ಮೂಗು ಒರೆಸಿಕೊಳ್ಳುತ್ತ ಅವಳೂ ನಕ್ಕಳು.

“ಇನ್ನೂ ಹೇಳು,” ಎಂದ ಅವನು.