ಕೊನೆಯ ಮಂಚದಲ್ಲಿ ಕೂತವರು

ವಾರ್ಡಿನ ಕೊನೆಯ ಮಂಚದಲ್ಲಿ ಬೂದು ಶಾಲು ಹೊದ್ದು, ಬಾಗಿಲಿಗೆ ಬೆನ್ನು ಮಾಡಿ ಅವರು ಕೂತಿದ್ದರು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.

ನೀಲಗಂಗಮ್ಮನಿಗೆ ಭಯವಾಗಲಿಲ್ಲ. ಗಂಡ ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೂ ಬೆಳಗಿನ ಡ್ಯೂಟಿಗೆ ಬಂದಾಗ ಆ ಮಂಚದಲ್ಲಿ ಒಂದು ಗಳಿಗೆ ಕಾಣಿಸಿಕೊಳ್ಳುತ್ತಿದ್ದರು. ಊದಿದ ಮುಖ, ರೆಪ್ಪೆಗಳ ನಡುವೆ ಗೆರೆಯಷ್ಟು ಕಣ್ಣು, ಚಾಚಿದ ಅಂಗೈ. ಮೂತ್ರಪಿಂಡ ಕೆಟ್ಟು ಮೈಯೆಲ್ಲ ನೀರು ತುಂಬಿಕೊಂಡಿದ್ದ ಆ ಕೊನೆಯ ದಿನಗಳಲ್ಲಿ ಅವರು ಕೇಳುತ್ತಿದ್ದುದು ನೀರನ್ನೇ. ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಕೊಟ್ಟಿರಲಿಲ್ಲ.

ಅಂದು ಏಕೋ ತಡೆಯಲಾಗಲಿಲ್ಲ. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಹೋಗಿ ಹಿಂದಿನಿಂದಲೇ ಚಾಚಿದಳು.

"ತಗೊಳ್ಳಿ. ಇವತ್ತು ಬೇಡ ಅನ್ನಲ್ಲ."

ಶಾಲು ತಿರುಗಿತು. ಕನ್ನಡಕದ ಹಿಂದೆ ಯಾರೋ ಅಪರಿಚಿತರ ಕಣ್ಣು.

"ಥ್ಯಾಂಕ್ಸ್ ಸಿಸ್ಟರ್," ಎಂದ ಅವನು ನೀರನ್ನು ಒಂದೇ ಗುಟುಕಿಗೆ ಕುಡಿದ. "ಆದ್ರೆ ನಿನ್ನೆ ಯಾಕೆ ಬೇಡ ಅಂದ್ರಿ? ನಾನು ಬಂದಿರೋದೇ ಇವತ್ತಲ್ವಾ?"

ಅವಳು ಲೋಟವನ್ನೂ ಬಿಟ್ಟು ಓಡಿಹೋದಳು.

ಅವನು ಡಾಕ್ಟರ್ ಶ್ಯಾಮಸುಂದರ. ಮಾಗಡಿ ರಸ್ತೆಯ ಆ ಸಣ್ಣ ಆಸ್ಪತ್ರೆಯಲ್ಲಿ ಮೂತ್ರಪಿಂಡ ಕೆಟ್ಟು ಮೈ ಊದುವ ರೋಗಕ್ಕೆ ಹೊಸ ಔಷಧಿಯೊಂದನ್ನು ಪರೀಕ್ಷೆ ಮಾಡಲೆಂದು ಬಂದವನು. ಆಗ ಆಸ್ಪತ್ರೆಯ ಹಿಂದೆ ರಾಜಾಜಿನಗರದ ಸೈಟುಗಳಿಗೆ ಬರೀ ಕಲ್ಲು ನೆಟ್ಟಿದ್ದರು. ನಡುನಡುವೆ ಒಂದೊಂದು ಹೆಂಚಿನ ಮನೆ ಎದ್ದಿತ್ತು. ಅಂಥದೊಂದು ಮನೆಯಲ್ಲಿ ನೀಲಗಂಗಮ್ಮ ಅಣ್ಣನ ಜೊತೆ ಇದ್ದಳು. ವಿಧವೆ ತಂಗಿ ನರ್ಸ್ ಕೆಲಸಕ್ಕೆ ಸೇರಿದ್ದು ಅಣ್ಣನಿಗೆ ಇಷ್ಟವಿರಲಿಲ್ಲ, ಬೇಡವೆನ್ನುವ ಧೈರ್ಯವೂ ಇರಲಿಲ್ಲ.

ಪರೀಕ್ಷೆಯ ಕ್ರಮವನ್ನು ಶ್ಯಾಮಸುಂದರನೇ ರೂಪಿಸಿದ್ದ. ಬಾವು ಬಂದ ರೋಗಿ ಡಬ್ಬಿಗೆ ಕೈ ಹಾಕಿ ಒಂದು ಚೀಟಿ ಎತ್ತಬೇಕು. ಕೆಲವರಿಗೆ ಉಪ್ಪಿಲ್ಲದ ಊಟದ ಜೊತೆಗೆ ಹೊಸ ಮಾತ್ರೆ, ಉಳಿದವರಿಗೆ ಬರೀ ಊಟ.

"ಎಲ್ರಿಗೂ ಕೊಟ್ಬಿಟ್ರೆ ಏನಂತೆ?" ಎಂದು ಅವಳು ಕೇಳಿದ್ದಳು.

"ಅಷ್ಟು ಮಾತ್ರೆ ಬಂದಿಲ್ಲ. ಬಂದಿದ್ರೂ, ವಾಸಿಯಾದೋರು ಮಾತ್ರೆಯಿಂದ ವಾಸಿಯಾದ್ರೋ ತಾವಾಗೇ ವಾಸಿಯಾದ್ರೋ ಹೇಗೆ ಗೊತ್ತಾಗುತ್ತೆ? ಈ ಮಾತ್ರೆಯಿಂದ ಕೆಲವರಿಗೆ ಕೆಟ್ಟದ್ದೂ ಆಗಿದೆ ಸಿಸ್ಟರ್. ಚೀಟಿಗೆ ಯಾರ ಮುಖಾನೂ ಗೊತ್ತಿಲ್ಲ. ಅದೇ ನ್ಯಾಯ."

ಅವಳಿಗೆ ಆ ನ್ಯಾಯ ತಣ್ಣಗೆ ಕಂಡಿತು. ಮನುಷ್ಯ ಮಾತ್ರ ಹಾಗಿರಲಿಲ್ಲ. ಮಧ್ಯಾಹ್ನ ರೋಗಿಗಳ ಸಾಲಿನಲ್ಲೇ ಕೂತು ಅವರ ಸಪ್ಪೆ ಮುದ್ದೆಯನ್ನೇ ಉಣ್ಣುತ್ತಿದ್ದ. ಹೊಸಹಳ್ಳಿಯ ಮುದುಕ ದೊಡ್ಡಹನುಮಯ್ಯ "ಒಂದು ಹಳ್ಳು ಉಪ್ಪು ಕೊಡವ್ವ, ದೇವರು ನಿನ್ನ ಚೆನ್ನಾಗಿಟ್ಟಿರ್ಲಿ" ಎಂದು ಅವಳ ಸೆರಗು ಹಿಡಿದರೆ, ಇವನು ಪಕ್ಕದಿಂದ, "ನಂಗೂ ಒಂದು ಅಜ್ಜ, ಪಾಲು ಮಾಡ್ಕೊಳೋಣ" ಎನ್ನುತ್ತಿದ್ದ.

"ನಿಮಗ್ಯಾಕೆ ಈ ಶಿಕ್ಷೆ ಡಾಕ್ಟ್ರೇ? ಹೋಟ್ಲಿಗೆ ಹೋಗಿ ಮಸಾಲೆ ದೋಸೆ ತಿನ್ನಬಾರ್ದಾ?"

"ಹೋಟ್ಲಲ್ಲಿ ಸಾರು ಬಡಿಸೋವಾಗ ಯಾರೂ ಹೀಗೆ ಹುಬ್ಬು ಗಂಟು ಹಾಕ್ಕೊಂಡು ನೋಡಲ್ಲ. ಉಪ್ಪಿಲ್ಲ ಅಂದ್ರೂ ಖಾರ ಇದೆಯಲ್ಲ."

ಅವಳು ನಗು ತಡೆಯಲು ಸೌಟಿನ ಕಡೆ ನೋಡಿದಳು. ತಲೆಯೆತ್ತಿದಾಗ ಅವನು ಇನ್ನೂ ನೋಡುತ್ತಲೇ ಇದ್ದ. ಅಂದು ಸಂಜೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತವಳು ತನ್ನ ಹುಬ್ಬನ್ನು ತಾನೇ ಮುಟ್ಟಿ ನೋಡಿಕೊಂಡಳು. ಕನ್ನಡಿಯ ಮೂಲೆಯಲ್ಲಿ ಬೂದು ಬಣ್ಣದ ಏನೋ ಸುಳಿದಂತಾಯಿತು. ತಕ್ಷಣ ದೀಪ ಆರಿಸಿದಳು.

ಕಾರ್ತೀಕದ ಒಂದು ಸಂಜೆ ಇಬ್ಬರೂ ಸೈಟುಗಳ ನಡುವಿನ ಕಾಲುದಾರಿಯಲ್ಲಿ ಬರುತ್ತಿದ್ದರು. ದಾರಿಗೆ ಅಡ್ಡ ಕೆಸರಿತ್ತು. ಶ್ಯಾಮಸುಂದರ ಕಲ್ಲಿನ ಮೇಲೆ ಕೂತು ಬೂಟು, ಕಾಲುಚೀಲ ಬಿಚ್ಚಿದ. ಚೀಲದ ಅಂಚು ಕಾಲಿಗೆ ಹಗ್ಗ ಬಿಗಿದಂತೆ ಆಳವಾಗಿ ಅಚ್ಚೊತ್ತಿತ್ತು.

ನೀಲಗಂಗಮ್ಮ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತಳು. ಅವನು ಎಳೆದುಕೊಳ್ಳುವ ಮೊದಲೇ ಹೆಬ್ಬೆರಳಿನಿಂದ ಅವನ ಮುಂಗಾಲನ್ನು ಒತ್ತಿ ಹಿಡಿದು ಬಿಟ್ಟಳು. ಗುಳಿ ಬಿತ್ತು. ಅದು ಮೇಲೇಳಲೇ ಇಲ್ಲ.

ಬೆಳಿಗ್ಗೆ ಅವನ ಕಣ್ಣು ಊದಿರುತ್ತಿದ್ದುದು ಅವನು ನೆಪ ಹೇಳುತ್ತಿದ್ದ ರಾತ್ರಿಯ ಓದಿನಿಂದಲ್ಲ. ಸಪ್ಪೆ ಊಟ ರೋಗಿಗಳ ಮೇಲಿನ ಪ್ರೀತಿಗಷ್ಟೇ ಅಲ್ಲ. ಎಲ್ಲ ಒಟ್ಟಿಗೇ ತಿಳಿಯಿತು.

"ಯಾವಾಗಿಂದ?"

"ಇಲ್ಲಿಗೆ ಬರೋ ಮುಂಚಿಂದ."

"ನಂಗೆ ಹೇಳ್ಬೇಕು ಅನಿಸ್ಲಿಲ್ವಾ?"

"ಮೊದಲ ದಿನ ನೀವು ಆ ನೀರು ಯಾರಿಗೆ ತಂದಿದ್ದು ಅಂತ ಆಮೇಲೆ ಗೊತ್ತಾಯ್ತು. ಹೇಗೆ ಹೇಳ್ಲಿ?"

ಅವಳು ಎದ್ದು, ತಿರುಗಿ ನೋಡದೆ ನಡೆದುಬಿಟ್ಟಳು. ಮನೆ ತಲುಪುವವರೆಗೂ ಹಿಂದೆ ಯಾರೋ ಬರುತ್ತಿದ್ದಂತಿತ್ತು. ಬರುತ್ತಿದ್ದುದು ಶ್ಯಾಮಸುಂದರನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮರುದಿನ ಅವಳು ನೇರವಾಗಿ ಹಿರಿಯ ಡಾಕ್ಟರ್ ಅನಂತಲಕ್ಷ್ಮಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಶ್ಯಾಮಸುಂದರನನ್ನು ಕರೆಸಿ ಬಯ್ದರು. ಅಲ್ಲಿಯೇ ವಾರ್ಡಿಗೆ ಸೇರಿಸಿಕೊಂಡರು. ಮಾತ್ರೆಯ ವಿಷಯ ಬಂದಾಗ ಅವನು, "ಎಲ್ಲರ ಹಾಗೆ ನಾನೂ ಎತ್ತುತ್ತೀನಿ ಮೇಡಂ," ಎಂದು ಡಬ್ಬಿಗೆ ಕೈ ಹಾಕಿದ. ಬಂದದ್ದು ಬರೀ ಊಟದ ಚೀಟಿ. ಅದೇ ದಿನ ಸೇರಿದ ಕಿಟ್ಟಿ ಎಂಬ ಮಗ್ಗದ ಕೆಲಸದ ಯುವಕನಿಗೆ ಮಾತ್ರೆ ಬಂತು.

ಖಾಲಿ ಇದ್ದುದು ಒಂದೇ ಮಂಚ. ಕೊನೆಯದು.

ದಿನಗಳು ಉರುಳಿದವು. ಕಿಟ್ಟಿಯ ಮುಖಕ್ಕೆ ಮೂಗು, ಕೆನ್ನೆ ಮರಳಿ ಬಂದವು. ಹಾಸಿಗೆಯಲ್ಲಿ ಕೂತು ಕ್ರಾಪು ಬಾಚಿಕೊಳ್ಳತೊಡಗಿದ. ಕೊನೆಯ ಮಂಚದಲ್ಲಿ ಶ್ಯಾಮಸುಂದರನ ರೆಪ್ಪೆಗಳು ಮುಚ್ಚಿಕೊಳ್ಳುತ್ತ ಬಂದವು. ಕನ್ನಡಕ ಕೂರಲಾರದೆ ಅದನ್ನು ತೆಗೆದಿಟ್ಟ. ಬೆಳಗಿನ ಮಬ್ಬಿನಲ್ಲಿ ಒಳಗೆ ಬಂದರೆ, ಅಲ್ಲಿ ಕೂತವನು ಅವನೋ ಗಂಡನೋ ಅವಳಿಗೇ ತಿಳಿಯುತ್ತಿರಲಿಲ್ಲ. ಎರಡು ಮುಖಗಳೂ ಒಂದೇ ಆಗಿದ್ದವು.

ಅಂಥದೊಂದು ಬೆಳಿಗ್ಗೆ ಔಷಧಿಯ ಬೀರು ತೆರೆದು ಕಿಟ್ಟಿಯ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡಳು. ಕಿಟ್ಟಿಯ ಮಂಚ ದಾಟಿದಳು. ಕೊನೆಯ ಮಂಚದ ಮುಂದೆ ನಿಂತಳು.

"ನುಂಗಿ."

ಶ್ಯಾಮಸುಂದರ ಮಾತ್ರೆಗಳನ್ನು ನೋಡಿದ, ಅವಳನ್ನು ನೋಡಿದ. "ಯಾರ್ದು ಇದು?"

"ನಿಮ್ದೇ."

"ಗಂಗಾ, ಯಾರ್ದು?"

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಕಿಟ್ಟೀದು. ಅವ್ನು ಚೆನ್ನಾಗಾಗಿದಾನೆ. ಸ್ವಲ್ಪ ದಿನ ಬಿಟ್ರೆ ಏನಾಗಲ್ಲ."

"ನಡುವೆ ನಿಲ್ಲಿಸಿದ್ರೆ ಅವ್ನು ಸಾಯಬಹುದು. ನಿಮಗೂ ಗೊತ್ತು."

"ಗೊತ್ತು! ಏನ್ಮಾಡ್ಲಿ? ಒಂದ್ಸಲ ಡಾಕ್ಟ್ರು ಹೇಳಿದ್ ಹಾಗೇ ಕೇಳಿದೆ. ನೀರು ನೀರು ಅಂತ ಹೋದ್ರು. ಇನ್ನೊಂದ್ಸಲ ಕೈ ಕಟ್ಕೊಂಡು ನೋಡೋಕೆ ನನ್ ಕೈಲಾಗಲ್ಲ ಡಾಕ್ಟ್ರೇ, ಆಗಲ್ಲ."

ಅವನು ಊದಿದ ಬೆರಳುಗಳಿಂದ ಅವಳ ಅಂಗೈಯನ್ನು ಮೆಲ್ಲಗೆ ಮುಚ್ಚಿದ. ಮುಷ್ಟಿಯನ್ನು ಹಾಗೇ ಹಿಡಿದುಕೊಂಡ.

"ನನ್ ಮೇಲೆ ಇಷ್ಟ ಇದೆ ಅಂತ ಹೇಳೋಕೆ ಕಳ್ಳತನಾನೇ ಮಾಡ್ಬೇಕಿತ್ತಾ?" ರೆಪ್ಪೆಗಳ ನಡುವಿನ ಗೆರೆಯಲ್ಲಿ ನಗು ಇತ್ತು. "ನಾನಾಗಿದ್ರೆ ಬಾಯಲ್ಲೇ ಹೇಳ್ತಿದ್ದೆ."

"ಹೇಳಿ ಮತ್ತೆ."

"ಇಷ್ಟ ಗಂಗಾ. ತುಂಬ. ಈಗ ಹೋಗಿ, ಕಿಟ್ಟೀಗೆ ಕೊಟ್ಟು ಬನ್ನಿ."

ಅವಳು ಕೊಟ್ಟಳು. ಕಿಟ್ಟಿ ನುಂಗಿ ನೀರು ಕುಡಿಯುವವರೆಗೂ ನಿಂತಳು. ಆಮೇಲೆ ಹಿತ್ತಲಿಗೆ ಹೋಗಿ ಗೋಡೆಗೊರಗಿ ಅತ್ತಳು.

ಸಂಕ್ರಾಂತಿಯ ಹೊತ್ತಿಗೆ ದೊಡ್ಡಹನುಮಯ್ಯ ಹೋಗಿಬಿಟ್ಟ. ಅವನದೂ ಬರೀ ಊಟದ ಚೀಟಿ. ಶ್ಯಾಮಸುಂದರ ಅಂದೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಮುದುಕ ಹೋದ ಮೇಲೆ ಅನಂತಲಕ್ಷ್ಮಿಯವರು ಎಲ್ಲ ರೋಗಿಗಳ ಲೆಕ್ಕವನ್ನೂ ಮುಂದೆ ಹರಡಿಕೊಂಡು ಕೂತರು. ಮಾತ್ರೆ ತಿಂದವರಲ್ಲಿ ಹೆಚ್ಚಿನವರು ಚೇತರಿಸಿಕೊಂಡಿದ್ದರು. "ಇನ್ನು ಚೀಟಿ ಸಾಕು," ಎಂದು ಮುಂಬಯಿಗೆ ತಂತಿ ಕೊಟ್ಟು ಮಾತ್ರೆ ತರಿಸಿದರು. ಉಳಿದವರಿಗೆಲ್ಲ ಅಂದಿನಿಂದಲೇ ಶುರುವಾಯಿತು, ಶ್ಯಾಮಸುಂದರನಿಗೂ.

ಮೊದಲ ವಾರ ಏನೂ ಆಗಲಿಲ್ಲ. ಆಮೇಲೊಂದು ಮುಂಜಾನೆ ಅವನ ಮಂಚದ ಕೆಳಗಿನ ಗಾಜಿನ ಜಾಡಿ ತುಂಬಿತ್ತು. ಮಧ್ಯಾಹ್ನಕ್ಕೆ ಇನ್ನೊಂದು ಜಾಡಿ ಬೇಕಾಯಿತು, ಸಂಜೆಗೆ ಮತ್ತೊಂದು. ನೀಲಗಂಗಮ್ಮ ಆ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನಕ್ಕಳು. ನಗುತ್ತ ಕಣ್ಣು ತುಂಬಿಕೊಂಡಳು.

"ಉಚ್ಚೆ ನೋಡಿ ಇಷ್ಟು ಖುಷಿಪಡೋ ಹೆಂಗಸು ನನಗೆ ಇನ್ನೆಲ್ಲೂ ಸಿಗಲ್ಲ," ಎಂದ ಶ್ಯಾಮಸುಂದರ.

"ಸುಮ್ನಿರಿ, ಚೆಲ್ಲುತ್ತೆ."

ಮುಖದ ಬಾವು ಇಳಿದು ಅವನ ಕಣ್ಣುಗಳು ಅವಳಿಗೆ ಮತ್ತೆ ಪೂರಾ ಕಂಡದ್ದು ಆ ವಾರವೇ.

ಯುಗಾದಿ ಕಳೆದ ಮೇಲೆ, ವಾಸಿಯಾಗಿ ಕೆಲಸಕ್ಕೆ ಮರಳಿದವನು ಆಸ್ಪತ್ರೆಯ ಜಗಲಿಯಲ್ಲಿ ಅವಳ ಪಕ್ಕ ಕೂತ.

"ಇದು ಮತ್ತೆ ಬರಬಹುದು, ಗಂಗಾ. ಬರಲ್ಲ ಅಂತ ನಾನು ಮಾತು ಕೊಡೋಕಾಗಲ್ಲ."

"ನಾನೂ ಒಂದು ಹೇಳ್ಬೇಕು. ಅವರು ಇನ್ನೂ ಬರ್ತಾರೆ. ನೀವು ಮಂಚ ಬಿಟ್ಟ ಮಾರನೇ ದಿನವೇ ಬಂದು ಕೂತಿದ್ರು."

ಅವನು ನಗಲಿಲ್ಲ.

"ನಂಗೂ ಒಬ್ರು ಬರ್ತಾರೆ. ದೊಡ್ಡಹನುಮಯ್ಯ. ರೂಮಿನ ಬಾಗಿಲ ಹತ್ರ ಕೂತಿರ್ತಾರೆ."

"ಏನ್ ಕೇಳ್ತಾರೆ?"

"ಏನೂ ಕೇಳಲ್ಲ. ಚೀಟಿ ತೋರಿಸ್ತಾರೆ."

ಮಾಗಡಿ ರಸ್ತೆಯಲ್ಲಿ ಎತ್ತಿನ ಗಾಡಿಯೊಂದು ಗಡಗಡ ಎನ್ನುತ್ತ ದಾಟಿಹೋಯಿತು. ನೀಲಗಂಗಮ್ಮ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಯಾರಾದರೂ ನೋಡಿಯಾರು ಎಂಬುದನ್ನು ಮರೆತು.

"ರಿಜಿಸ್ಟರ್ ಮದುವೆ ಆಗೋಣ," ಎಂದ ಅವನು. "ನಿಮ್ಮಣ್ಣ ಒಪ್ಪಲ್ಲ, ನಮ್ಮಮ್ಮನೂ ಒಪ್ಪಲ್ಲ. ರಾಜಾಜಿನಗರದಲ್ಲೇ ಒಂದು ಬಾಡಿಗೆ ಮನೆ ನೋಡಿದೀನಿ. ಒಂದು ರೂಮು, ಅಡಿಗೆಮನೆ, ಮುಂದೆ ಹಜಾರ. ಮನೆ ಸಣ್ಣದು."

"ಸಾಕಾಗುತ್ತಾ?" ಅವಳು ಕೇಳಿದಳು. "ನಾವು ನಾಲ್ಕು ಜನ ಆಗ್ತೀವಲ್ಲ."

ಶ್ಯಾಮಸುಂದರ ಅವಳನ್ನೇ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ.

"ಹಜಾರ ದೊಡ್ಡದಿದೆ," ಎಂದ.