ಪಟ್ಟಿಯಲ್ಲಿಲ್ಲದ ಕೆಂಪು ಚಕ್ಕೆ

ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ 9.40. ಠಾಣೆಗೆ ಬಂದ ದೂರು ಇನ್‌ಸ್ಪೆಕ್ಟರಿಗೆ ಹೊಸ ಬಗೆಯದು.

"ಏನು ಕಳುವಾಗಿದೆ, ಮೇಡಂ?"

"ಏನೂ ಇಲ್ಲ. ಒಂದು ಹೆಚ್ಚಾಗಿದೆ."

ದೂರುದಾರರು ಊರಾಚೆಯ ಉತ್ಖನನದ ಮುಖ್ಯಸ್ಥೆ. ಎಂಟು ವರ್ಷದಿಂದ ಆದಿಮಾನವರ ಕಲ್ಲಿನ ಆಯುಧಗಳನ್ನು ಅಗೆದು ತೆಗೆಯುತ್ತಿದ್ದರು. ಸಿಕ್ಕಿದ್ದೆಲ್ಲ ಅಲ್ಲಿನದೇ ಬಿಳಿಕಲ್ಲು. ಒಂದು ಕೆಂಪು ಗಟ್ಟಿ ಮಾತ್ರ ನಾಲ್ಕು ದಿನದ ನಡಿಗೆಯಷ್ಟು ದೂರದ ಗುಡ್ಡದ್ದು. ಬೇಟೆಗಾರರು ಅದನ್ನು ಹೊತ್ತು ತಂದು ಇಲ್ಲೇ ಒಡೆದರೆಂದು ಅವರು ವರದಿ ಬರೆದಿದ್ದರು. ಹಾಗಾದರೆ ಒಡೆದ ಚಕ್ಕೆ ಎಲ್ಲಿ ಎಂದು ಪರಿಶೀಲನಾ ಸಮಿತಿ ಕೇಳಿತ್ತು. ಸಮಿತಿ ಬರುವ ಹಿಂದಿನ ದಿನ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪಟ್ಟಿಯಲ್ಲಿಲ್ಲದ ಒಂದು ಕೆಂಪು ಚಕ್ಕೆ!

"ನಾನೇ ಇಟ್ಟೆ ಅಂತಾರೆ. ಎಂಟು ವರ್ಷದ ಕೆಲಸ ಮಣ್ಣುಪಾಲು."

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಉತ್ಖನನ ಶಿಬಿರದ ಉಗ್ರಾಣದಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕೀಲಿಕೈ ಗೋಡೆಯ ಮೊಳೆಯಲ್ಲಿ ಎಲ್ಲರ ಕೈಗೂ ಎಟಕುವಂತಿತ್ತು, ಅದನ್ನೂ ಬರೆದುಕೊಳ್ಳಲಾಯಿತು. ಮಹಿಳಾ ಕಾನ್‌ಸ್ಟೆಬಲ್ ಕೈಗವಸು ಹಾಕಿಕೊಂಡು ಚಕ್ಕೆ ಎತ್ತಿದರು.

"ಸಾರ್, ಶುಂಠಿ ವಾಸನೆ."

"ನಿನಗೆ ಹೊತ್ತುಹೊತ್ತಿಗೂ ಟೀದೇ ಧ್ಯಾನ."

"ನೀವೇ ಮೂಸಿ ನೋಡಿ, ಸಾರ್."

ಇನ್‌ಸ್ಪೆಕ್ಟರ್ ಮೂಸಿದರು. ನೆಟ್ಟಗೆ ಶಿಬಿರದ ಅಡುಗೆಮನೆಗೆ ನಡೆದರು. ಮೊದಲ ವರ್ಷದಿಂದಲೂ ಅಲ್ಲಿದ್ದ ಅಡುಗೆಯವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಅವರು ಶುಂಠಿ ಹೆರೆಯುತ್ತಿದ್ದರು.

"ಸಿಪ್ಪೆ ಯಾಕಿಷ್ಟು ದಪ್ಪ, ದೊಡ್ಡಪ್ಪ?"

"ಚಾಕು ಮೊಂಡು, ಸಾಹೇಬ್ರೆ."

"ಇಷ್ಟು ದಿನ ಯಾವುದರಲ್ಲಿ ಹೆರೀತಿದ್ರಿ?"

ದೊಡ್ಡಪ್ಪ ಚಾಕು ಕೆಳಗಿಟ್ಟರು.

"ಏಳು ವರ್ಷದ ಹಿಂದೆ, ಜರಡಿ ಹಿಡಿದ ಮಣ್ಣಿನ ರಾಶೀಲಿ ಆ ಚಕ್ಕೆ ಬಿದ್ದಿತ್ತು. ಬೇಡದ್ದು ಅಂದ್ಕೊಂಡೆ. ಏನು ಹರಿತ ಅಂತೀರಿ! ಮೊನ್ನೆ ಅಮ್ಮಾವ್ರ ಮೇಜಿನ ಮೇಲೆ ಆ ಕೆಂಪು ಗಟ್ಟಿ ನೋಡ್ದಾಗ್ಲೇ ಇದು ಅದರದ್ದೇ ಚೂರು ಅಂತ ಗೊತ್ತಾಯ್ತು."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಏಳು ವರ್ಷ ಶುಂಠಿ ಹೆರೆದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

12.50. ಪಂಚರ ಎದುರು ಮುಖ್ಯಸ್ಥೆ ಚಕ್ಕೆಯನ್ನು ಕೆಂಪು ಗಟ್ಟಿಯ ಒಡಕಿಗೆ ಹಿಡಿದರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಇಲ್ಲೇ ಒಡೆದದ್ದು, ಇನ್ನು ಯಾವ ಸಮಿತಿಯೂ ಅಲ್ಲಗಳೆಯುವಂತಿರಲಿಲ್ಲ. ಕಾನ್‌ಸ್ಟೆಬಲ್ ಕೈಗವಸಿನಲ್ಲೇ ಚಪ್ಪಾಳೆ ಹೊಡೆದರು.

"ದೊಡ್ಡಪ್ಪ, ಆ ಬೇಟೆಗಾರರು ನಾಲ್ಕು ದಿನ ಹೊತ್ಕೊಂಡು ಬಂದಿದ್ದು ನಿಮ್ಮ ಅಡುಗೆಮನೇಲಿತ್ತಲ್ಲ!" ಎಂದು ಮುಖ್ಯಸ್ಥೆ ಅಳುತ್ತಲೇ ನಕ್ಕರು.

ಆದರೂ ಕಾನೂನು ಕಾನೂನೇ. 1.30ಕ್ಕೆ ದೊಡ್ಡಪ್ಪನ ಬಂಧನ, 2.10ಕ್ಕೆ ಠಾಣೆಯಲ್ಲೇ ಜಾಮೀನು. ಜಾಮೀನಿಗೆ ನಿಂತವರು ದೂರುದಾರರೇ.

"ಬಾವಿಗೆ ಎಸೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ತಂದಿಟ್ರಿ?" ಇನ್‌ಸ್ಪೆಕ್ಟರ್ ಕೊನೆಯದಾಗಿ ಕೇಳಿದರು.

"ಮೂರು ದಿನದಿಂದ ಅಮ್ಮಾವ್ರು ಊಟ ಹಾಗೇ ವಾಪಸ್ ಕಳಿಸ್ತಿದ್ರು, ಸಾಹೇಬ್ರೆ."

ಉದ್ದೇಶ ಎಂಬ ಕಾಲಮ್ಮಿನಲ್ಲಿ ಇನ್‌ಸ್ಪೆಕ್ಟರ್ ಅಷ್ಟನ್ನೇ ಬರೆದು ಸಹಿ ಹಾಕಿದರು.